ಹೀರೆ ಹೂವನ್ನು ನೋಡಲು ಸಂಜೆ ಬನ್ನಿ

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ದೂರುಗಳೇ. ಹೂವಿದೆ, ಕಾಯಿಲ್ಲ. ಕಾಯಿದೆ, ಹಕ್ಕಿ ಬಿಡಲ್ಲ. ಹಕ್ಕಿ ಗೂಡು ಕಟ್ಟಿದೆ, ಇನ್ನು ನೀರು ಹಾಕೋದು ಹೇಗೆ? ಎಲ್ಲವನ್ನೂ ಓದಿದ ಮೇಲೆ ನನಗೆ ಒಂದು ಅನುಮಾನ ಬಂತು. ನಮ್ಮಲ್ಲಿ ಬಹಳ ಜನ ಗಿಡದ ಹತ್ತಿರ ಹೋಗುವುದು ದಿನಕ್ಕೆ ಒಂದೇ ಸಲ, ನೀರು ಹಾಕುವಾಗ. ಉಳಿದ ಹೊತ್ತಿನಲ್ಲಿ ಅಲ್ಲಿ ಏನೇನು ನಡೆಯುತ್ತದೆ ಅಂತ ಗೊತ್ತೇ ಇರುವುದಿಲ್ಲ. ನನಗೂ ವರ್ಷಗಟ್ಟಲೆ ಗೊತ್ತಿರಲಿಲ್ಲ, ಬಿಡಿ.

ಪ್ರಶ್ನೆ: ಅಕ್ಕಾ, ತಾರಸಿಯ ಮೇಲೆ ಹೀರೆ ಬಳ್ಳಿ ಹಬ್ಬಿಸಿದ್ದೇನೆ. ಮೈತುಂಬ ಹೂವು. ಕಾಯಿ ಮಾತ್ರ ಒಂದೂ ನಿಂತಿಲ್ಲ. ಕೈಯಿಂದಲೇ ಪರಾಗ ತಾಗಿಸಬೇಕು ಅಂತ ಯಾರೋ ಹೇಳಿದರು. ದಿನಾ ಬೆಳಿಗ್ಗೆ ಏಳಕ್ಕೆ ಬ್ರಷ್ ಹಿಡಿದು ಹೋಗುತ್ತೇನೆ. ಎರಡು ವಾರ ಆಯ್ತು. ಹೀಚು ಹಳದಿಯಾಗಿ ಉದುರುತ್ತಲೇ ಇದೆ. ಯಾವ ಗೊಬ್ಬರ ಹಾಕಲಿ?
— ಬ್ರಷ್ ಹಿಡಿದು ಸೋತವನು

ಉತ್ತರ: ಗೊಬ್ಬರ ಬೇಡ, ಹೋಗುವ ಹೊತ್ತು ಬದಲಿಸಿ. ಹೀರೆ ಹೂವು ಅರಳುವುದು ಸಂಜೆ. ನೀವು ಬೆಳಿಗ್ಗೆ ಏಳಕ್ಕೆ ಹೋದಾಗ ಕಾಣುವುದು ಹಿಂದಿನ ದಿನದ ಹೂವು. ಅದರ ಕೆಲಸ ಮುಗಿದಿರುತ್ತದೆ, ಇಲ್ಲವೇ ಕೆಟ್ಟಿರುತ್ತದೆ.

ನನಗೂ ಇದು ಯಾರೂ ಹೇಳಿಕೊಟ್ಟಿದ್ದಲ್ಲ. ಒಂದು ದಿನ ಒಣಹಾಕಿದ ಬಟ್ಟೆ ತೆಗೆಯಲು ಹೊತ್ತು ಇಳಿಯುವಾಗ ತಾರಸಿಗೆ ಹೋಗಿದ್ದೆ. ಬೆಳಿಗ್ಗೆ ಮುದುಡಿಕೊಂಡು ನಿಂತಿದ್ದ ಬಳ್ಳಿ ತುಂಬ ಹಳದಿ ದೀಪ ಹಚ್ಚಿಟ್ಟ ಹಾಗಿತ್ತು. ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಅಲ್ಲೇ ನಿಂತೆ. ಒಂದು ಮೊಗ್ಗು ನನ್ನ ಕಣ್ಣೆದುರೇ ಸಡಿಲವಾಗಿ, ಸುಕ್ಕು ಬಿಡಿಸಿಕೊಂಡು ಅರಳಿತು. ಅಷ್ಟು ದಿನ ಆ ಬಳ್ಳಿಗೆ ಸುಮ್ನೆ ಬೈದಿದ್ದೆನಲ್ಲ ಅನಿಸಿತು.

ಈಗ ಕೆಲಸದ ಮಾತು. ಹೀರೆಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಎರಡೂ ಒಂದೇ ಬಳ್ಳಿಯಲ್ಲಿ, ಅದೂ ಎಷ್ಟೋ ಸಲ ಒಂದೇ ಗೆಣ್ಣಿನಲ್ಲಿ ಬರುತ್ತವೆ. ಉದ್ದ ಕಡ್ಡಿಯ ತುದಿಯಲ್ಲಿ ಗೊಂಚಲು ಗೊಂಚಲಾಗಿ ಬರುವವು ಗಂಡು. ಒಂಟಿಯಾಗಿ, ಹೂವಿನ ಬುಡದಲ್ಲಿ ಕಿರುಬೆರಳಿಗಿಂತ ಸಣ್ಣ ಹೀಚು ಹೊತ್ತುಕೊಂಡು ಬರುವುದು ಹೆಣ್ಣು. ಆ ಹೀಚಿನ ಮೇಲೆ ಹೀರೆಕಾಯಿಯ ಏಣುಗಳು ಆಗಲೇ ಮೂಡಿರುತ್ತವೆ. ಬೆರಳಾಡಿಸಿ ನೋಡಿ, ತಿಳಿಯುತ್ತದೆ.

ಬ್ರಷ್ ಬಿಟ್ಟುಬಿಡಿ. ಆಗಷ್ಟೇ ಅರಳಿದ ಗಂಡು ಹೂ ಒಂದನ್ನು ಕಿತ್ತು ಅದರ ಎಸಳುಗಳನ್ನು ಹಿಂದಕ್ಕೆ ಮಡಚಿ. ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಇರುವ ಅಂಟಂಟು ಭಾಗಕ್ಕೆ ಮೆಲ್ಲಗೆ ಒತ್ತಿ, ಸುತ್ತ ಒಂದು ಸಲ ತಿರುಗಿಸಿ. ಅಷ್ಟೇ. ಪರಾಗ ಹಿಡಿದಿದ್ದರೆ ಮೂರು ನಾಲ್ಕು ದಿನದಲ್ಲಿ ಹೀಚು ದಪ್ಪವಾಗಿ ಕೆಳಕ್ಕೆ ತೂಗಲು ಶುರುವಾಗುತ್ತದೆ. ಹಿಡಿಯದಿದ್ದರೆ ತುದಿಯಿಂದ ಹಳದಿಯಾಗಿ ಮುರುಟುತ್ತದೆ.

ಎಲ್ಲ ಬಳ್ಳಿಗೂ ಸಂಜೆಯೇ ಅಂತ ತಿಳಿಯಬೇಡಿ. ಸೋರೆಯ ಬಿಳಿ ಹೂವು ಸಂಜೆಯದು, ಅದಕ್ಕೆ ಪತಂಗಗಳು ಬರುತ್ತವೆ. ಪಡವಲದ ಹೂವು ಇನ್ನೂ ತಡ, ಕತ್ತಲಾದ ಮೇಲೆ ಬಿಳಿ ದಾರದ ಕುಚ್ಚು ಬಿಚ್ಚಿದ ಹಾಗೆ ಅರಳುತ್ತದೆ. ಕುಂಬಳ, ಹಾಗಲ, ಸೌತೆ ಬೆಳಗಿನವು. ಕುಂಬಳವಂತೂ ಬಿಸಿಲು ಏರುವ ಹೊತ್ತಿಗೆ ಬಾಗಿಲು ಹಾಕಿಕೊಳ್ಳುತ್ತದೆ. ಇನ್ನೊಂದು ತಮಾಷೆ ಕೇಳಿ. ಹೀರೆಯ ಸ್ವಂತ ತಂಗಿಯ ಹಾಗಿರುವ ತುಪ್ಪದ ಹೀರೆ ಅರಳುವುದು ಮುಂಜಾನೆ. ನಿಮ್ಮದು ಅದಾಗಿದ್ದರೆ ಕಾಯಿಯ ಮೇಲೆ ಚೂಪು ಏಣು ಇರುವುದಿಲ್ಲ, ನುಣ್ಣಗಿರುತ್ತದೆ. ಆಗ ನಿಮ್ಮ ಹೊತ್ತು ಸರಿಯಾಗಿಯೇ ಇದೆ, ಬರೀ ಬ್ರಷ್ ಬಿಟ್ಟು ನೋಡಿ.

ಬಳ್ಳಿ ಶುರುವಿನಲ್ಲಿ ಬರೀ ಗಂಡು ಹೂವನ್ನೇ ಬಿಡುವುದುಂಟು. ಸೆಖೆ ಜಾಸ್ತಿಯಾದಾಗಲೂ ಗಂಡೇ ಹೆಚ್ಚು. ಆಗ ಗಾಬರಿಯಾಗಿ ಸಾರಜನಕದ ಗೊಬ್ಬರ ಸುರಿದರೆ ಬರೀ ಎಲೆ ಬೆಳೆಯುತ್ತದೆ.

ಪ್ರಶ್ನೆ: ಗಿಡಗಳಿಗೆ ಹಾಡು ಕೇಳಿಸಿದರೆ ಚೆನ್ನಾಗಿ ಬೆಳೆಯುತ್ತವಂತೆ, ನಿಜವಾ?
— ಸಂಗೀತಪ್ರೇಮಿ

ಉತ್ತರ: ನೀವೇ ನಿಂತು ಹಾಡಿದರೆ ಬೆಳೆಯುತ್ತವೆ. ಒಂದು ಹಾಡು ಮುಗಿಯುವಷ್ಟರಲ್ಲಿ ಎಲೆಯ ಅಡಿಯಲ್ಲಿರುವ ನಾಲ್ಕು ಹುಳವಾದರೂ ನಿಮ್ಮ ಕಣ್ಣಿಗೆ ಬೀಳುತ್ತವೆ. ಮೊಬೈಲ್‌ನಲ್ಲಿ ಹಾಡು ಹಾಕಿಟ್ಟು ಒಳಗೆ ಹೋಗುವುದಾದರೆ ಬೇಡ.

ಪ್ರಶ್ನೆ: ಮೇಡಂ, ದಾಸವಾಳದ ಬಿಳಿ ಹಿಟ್ಟು ತಿಗಣೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆಯಿರಿ ಅಂತ ನೀವು ಹಿಂದೆ ಬರೆದಿದ್ದಿರಿ. ಹಾಗೇ ಮಾಡುತ್ತಿದ್ದೇನೆ. ಆದರೆ ಅವುಗಳ ನಡುವೆ ಕೆಲವು ದೊಡ್ಡವು ಇವೆ. ಮೈಮೇಲೆ ಬಿಳಿ ಜಡೆಗಳಂತೆ ಎಳೆಗಳು. ಮುಟ್ಟಿದರೆ ಸರಸರ ಓಡುತ್ತವೆ. ಇವು ತಿಗಣೆಗಳ ತಾಯಿಯಾ? ಮೊದಲು ಅವನ್ನೇ ಕೊಲ್ಲಬೇಕಾ?
— ಅನುಮಾನದ ಓದುಗಳು

ಉತ್ತರ: ಕೊಲ್ಲಬೇಡಿ! ಇದುವರೆಗೆ ಉಜ್ಜಿಬಿಟ್ಟಿದ್ದರೆ ತಪ್ಪು ನನ್ನದು, ನಿಮ್ಮದಲ್ಲ. ಅಷ್ಟು ಬರೆದವಳು ಈ ವಿಷಯ ಬರೆಯಲೇ ಇಲ್ಲ.

ಅದು ತಾಯಿಯಲ್ಲ, ತಿಗಣೆಗಳ ಯಮ. ಗುಲಗಂಜಿ ಹುಳುವಿನ ಜಾತಿಯಲ್ಲೇ ಒಂದು ಬಗೆಯದರ ಮರಿ. ಹೆಸರು ಕ್ರಿಪ್ಟೋಲೀಮಸ್. ಮರಿಯಾಗಿದ್ದಾಗ ತಾನು ತಿನ್ನುವ ತಿಗಣೆಯ ವೇಷವನ್ನೇ ಹಾಕಿಕೊಂಡಿರುತ್ತದೆ, ಮೈತುಂಬ ಬಿಳಿ ಮೇಣ. ತಿಗಣೆ ಕಾಯುವ ಇರುವೆಗಳೂ ಈ ವೇಷಕ್ಕೆ ಸಾಕಷ್ಟು ಮೋಸ ಹೋಗುತ್ತವೆ. ನಾನೂ ಮೋಸ ಹೋಗಿದ್ದೆ. ಎರಡು ವರ್ಷ ಈ ಮರಿಗಳನ್ನೇ ಹುಡುಕಿ ಹುಡುಕಿ ತೆಗೆದಿದ್ದೇನೆ. ದೊಡ್ಡದನ್ನು ಕೊಂದೆ ಅಂತ ಖುಷಿ ಬೇರೆ. ತಿಗಣೆ ಮಾತ್ರ ಕಡಿಮೆಯಾಗಲೇ ಇಲ್ಲ, ಯಾಕಾದರೂ ಆಗುತ್ತೆ ಹೇಳಿ.

ಗುರುತು ಹಿಡಿಯುವುದು ಸುಲಭ. ತಿಗಣೆ 3–4 ಮಿಲಿಮೀಟರ್ ಇರುತ್ತದೆ, ಗುಂಪಾಗಿ ಕೂತಲ್ಲೇ ಕೂತಿರುತ್ತದೆ, ಕಡ್ಡಿಯಿಂದ ತಿವಿದರೂ ಸೋಮಾರಿಯ ಹಾಗೆ ಕದಲುತ್ತದೆ. ಮರಿ ಬೆಳೆದರೆ ಒಂದು ಸೆಂಟಿಮೀಟರ್ ದಾಟುತ್ತದೆ, ಮೇಣದ ಎಳೆ ಉದ್ದ, ನಡಿಗೆ ಚುರುಕು. ದೊಡ್ಡ ಹುಳುವಾದ ಮೇಲೆ ಅದಕ್ಕೆ ಚುಕ್ಕಿ ಇರುವುದಿಲ್ಲ. ಕಪ್ಪು ಬೆನ್ನು, ಕಿತ್ತಳೆ ಬಣ್ಣದ ತಲೆ. ಮೂಲ ಆಸ್ಟ್ರೇಲಿಯಾದ್ದು. 1891ರಲ್ಲಿ ಹಿಟ್ಟು ತಿಗಣೆ ಹತೋಟಿಗೆಂದು ಅದನ್ನು ಕ್ಯಾಲಿಫೋರ್ನಿಯಾಗೆ ಒಯ್ದರು. ಆಮೇಲೆ ಎಷ್ಟೋ ದೇಶಗಳಲ್ಲಿ ಸಾಕಿ ತೋಟಕ್ಕೆ ಬಿಡುತ್ತಿದ್ದಾರೆ. ನಿಮ್ಮ ಕುಂಡಕ್ಕೆ ಅದು ಬಿಟ್ಟಿಯಾಗಿ ಬಂದಿದೆ.

ಹಾಗಾಗಿ ಮರಿ ಕಂಡ ಕೊಂಬೆಗೆ ಬ್ರಷ್ಷೂ ಬೇಡ, ಬೇವಿನ ಎಣ್ಣೆಯೂ ಬೇಡ. ಬೇರೆ ಕೊಂಬೆಗಳಲ್ಲಿ ಉಜ್ಜಿಕೊಳ್ಳಿ. ಇರುವೆ ಸಾಲು ಇದ್ದರೆ ಮೊದಲು ಅದನ್ನು ತಪ್ಪಿಸಿ. ತಿಗಣೆ ಸುರಿಸುವ ಸಿಹಿ ಅಂಟಿನ ಆಸೆಗೆ ಇರುವೆ ಅವುಗಳಿಗೆ ಕಾವಲು ನಿಲ್ಲುತ್ತದೆ. ಕುಂಡವನ್ನು ನೀರು ತುಂಬಿದ ತಟ್ಟೆಯ ನಡುವೆ ಕಲ್ಲಿನ ಮೇಲೆ ಇಟ್ಟು, ಕೊಂಬೆಗಳು ಗೋಡೆಗೆ ತಾಗದ ಹಾಗೆ ನೋಡಿಕೊಂಡರೆ ಸಾಕು. ತಟ್ಟೆಯ ನೀರನ್ನು ಮಾತ್ರ ಬದಲಿಸುತ್ತಾ ಇರಿ, ಸೊಳ್ಳೆ ವಿಷಯ ಕೆಳಗೆ ಬರುತ್ತದೆ.

ಪ್ರಶ್ನೆ: ಅಕ್ಕಾ, ನನ್ನ ಬದನೆ ಗಿಡದ ಎರಡು ಎಲೆಗಳನ್ನು ಯಾರೋ ದಾರದಲ್ಲಿ ಹೊಲಿದ ಹಾಗಿತ್ತು. ಬಿಡಿಸಲು ಹೋದರೆ ಒಳಗೆ ಮೂರು ಪುಟ್ಟ ಮೊಟ್ಟೆ! ಈಗ ಎರಡು ಚಿಂತೆ. ಕುಂಡವನ್ನು ನೆರಳಿಗೆ ಸರಿಸಲಾ? ಅದೇ ಗಿಡದಲ್ಲಿ ಕುಡಿಗಳು ಬಾಡಿ ಬೀಳುತ್ತಿವೆ, ಔಷಧಿ ಹೊಡೆಯಲಾ?
— ಬದನೆಯ ಬಾಣಂತನ ಮಾಡುತ್ತಿರುವವಳು

ಉತ್ತರ: ನಿಮ್ಮ ಸಹಿ ಓದಿ ನಕ್ಕೆ. ಎರಡಕ್ಕೂ ನನ್ನ ಉತ್ತರ ಒಂದೇ: ಬೇಡ.

ಅದು ಟುವ್ವಿ ಹಕ್ಕಿಯ ಗೂಡು. ಕೆಲವರು ಸಿಂಪಿಗ ಅಂತಲೂ ಕರೆಯುತ್ತಾರೆ. ಮೊಟ್ಟೆಗೆ ಕಾವು ಸುಮಾರು 12 ದಿನ, ಮರಿ ಹಾರಲು ಮತ್ತೆ ಎರಡು ವಾರ. ಒಟ್ಟು ಒಂದು ತಿಂಗಳಿಗೂ ಕಡಿಮೆ. ಅಲ್ಲಿಯವರೆಗೆ ಕುಂಡ ಇದ್ದಲ್ಲೇ ಇರಲಿ. ತಾಯಿಗೆ ಗೊತ್ತಿರುವುದು ಗೂಡಿನ ಜಾಗ. ನೀವು ಒಳ್ಳೆಯ ಮನಸ್ಸಿನಿಂದ ನಾಲ್ಕು ಮಾರು ಸರಿಸಿದರೆ ಅದು ಬಂದು ಖಾಲಿ ಜಾಗ ನೋಡಿ ಹೋಗಬಹುದು. ನೀರನ್ನು ಬುಡಕ್ಕೆ ಮೆಲ್ಲಗೆ ಹಾಕಿ, ಮೇಲಿನಿಂದ ಚಿಮುಕಿಸಬೇಡಿ. ಹಕ್ಕಿ ಹೊರಗೆ ಹೋಗಿದ್ದಾಗ ಹಾಕಿ ಬಂದುಬಿಡಿ.

ಕುಡಿ ಬಾಡುವುದು ಕುಡಿ ಕೊರೆಯುವ ಹುಳುವಿನ ಕೆಲಸ. ಬಾಡಿದ ಜಾಗಕ್ಕಿಂತ ಎರಡು ಬೆರಳು ಕೆಳಗೆ ಕತ್ತರಿಸಿ, ಕಡ್ಡಿಯನ್ನು ಸೀಳಿ ನೋಡಿ. ಒಳಗೆ ನಸುಗೆಂಪು ಬಣ್ಣದ ಸಣ್ಣ ಹುಳು ಸಿಗುತ್ತದೆ. ಅದನ್ನು ಅಲ್ಲೇ ಹೊಸಕಿಬಿಡಿ. ಕತ್ತರಿಸಿ ಹಾಗೇ ಎಸೆದರೆ ಅದು ಬೆಳೆದು ಪತಂಗವಾಗಿ ಮತ್ತೆ ಬರುತ್ತದೆ. ಔಷಧಿ ಯಾಕೆ ಬೇಡ ಅಂದರೆ ಮರಿಗಳ ಊಟವೇ ಹುಳು. ವಿಷ ಬಿದ್ದ ಹುಳು ನೇರ ಮರಿಯ ಬಾಯಿಗೆ ಹೋಗುತ್ತದೆ. ಇನ್ನೊಂದು ವಿಷಯ: ಮರಿ ಒಡೆದ ಮೇಲೆ ಗಂಡು ಹೆಣ್ಣು ಎರಡೂ ನಿಮ್ಮ ತೋಟವನ್ನೇ ಜಾಲಾಡುತ್ತವೆ. ಅಷ್ಟು ಚೆನ್ನಾಗಿ ಎಲೆ ಎಲೆ ಹುಡುಕುವ ಕೆಲಸ ನಿಮ್ಮಿಂದಲೂ ಆಗುವುದಿಲ್ಲ, ನನ್ನಿಂದಲೂ ಆಗುವುದಿಲ್ಲ.

ಮರಿಗಳು ಹಾರಿಹೋದ ಮೇಲೆ ಆ ಎಲೆಗಳನ್ನು ಕಿತ್ತು ಬೆಳಕಿಗೆ ಹಿಡಿದು ನೋಡಿ. ಕೊಕ್ಕಿನಿಂದ ಚುಚ್ಚಿದ ತೂತುಗಳು ಎಲೆಯ ಅಂಚಿನುದ್ದಕ್ಕೂ ಇರುತ್ತವೆ. ಹತ್ತಿಯ ಎಳೆ, ಜೇಡನ ಬಲೆ, ಸಿಕ್ಕಿದ ನಾರು ಎಲ್ಲವನ್ನೂ ಅದರಲ್ಲಿ ತೂರಿಸಿರುತ್ತದೆ. ಗಂಟು ಹಾಕುವುದಿಲ್ಲ. ತೂತಿನ ಹೊರಗೆ ಬಂದ ತುದಿ ಕೆದರಿ ಉಂಡೆಯಾಗಿರುತ್ತದೆ, ಅದೇ ಗಂಟಿನ ಕೆಲಸ ಮಾಡುತ್ತದೆ. ಎಲೆ ಗಿಡದಲ್ಲೇ ಇರುವುದರಿಂದ ಹಸಿರು ಮಾಸುವುದಿಲ್ಲ, ಹೊರಗಿನವರಿಗೆ ಗೂಡು ಅಂತ ಗೊತ್ತಾಗುವುದೂ ಇಲ್ಲ.

ಹೊರಗಿನವರು ಅಂದೆನಲ್ಲ, ಮುಖ್ಯವಾಗಿ ಕಾಗೆ. ಇಲ್ಲಿ ನನ್ನದೊಂದು ಕಥೆ ಇದೆ. ನನ್ನ ಗಿಡದಲ್ಲೂ ಒಮ್ಮೆ ಹೀಗೇ ಗೂಡಾಗಿತ್ತು. ಗೂಡಿನ ಎಲೆ ಮುಟ್ಟಲಿಲ್ಲ, ಅಷ್ಟು ಬುದ್ಧಿ ಇತ್ತು. ಆದರೆ ಫೋಟೊ ಚೆನ್ನಾಗಿ ಬರಲಿ ಅಂತ ಮುಂದೆ ಅಡ್ಡ ಇದ್ದ ಎರಡೇ ಎರಡು ಎಲೆ ಕತ್ತರಿಸಿದೆ. ದಿನಾ ಹೋಗಿ ಬಗ್ಗಿ ಬಗ್ಗಿ ನೋಡಿದೆ. ನಾನು ಎಲ್ಲಿ ಬಗ್ಗುತ್ತೇನೆ ಅಂತ ಎದುರಿನ ಕಂಬದ ಮೇಲೆ ಕೂತ ಕಾಗೆ ನೋಡುತ್ತಿತ್ತು. ಐದನೇ ದಿನ ಗೂಡು ಹರಿದು ನೇತಾಡುತ್ತಿತ್ತು. ಟುವ್ವಿ ಜೋಡಿ ಪಕ್ಕದ ಗಿಡದಲ್ಲಿ ಕೂತು ಎರಡು ದಿನ ಕೂಗಿತು. ಆ ಫೋಟೊ ಈಗಲೂ ಇದೆ, ಯಾರಿಗೂ ತೋರಿಸಿಲ್ಲ.

ಹಾಗಾಗಿ ದೂರದಿಂದ ನೋಡಿ. ಕಿಟಕಿಯ ಒಳಗಿನಿಂದ ಸಾಧ್ಯವಾದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಒಂದು ಸೂರಕ್ಕಿ ದಿನವಿಡೀ ನಮ್ಮ ಸ್ಕೂಟರಿನ ಕನ್ನಡಿಗೆ ಕುಕ್ಕುತ್ತದೆ. ಹುಚ್ಚು ಹಿಡಿದಿದೆಯಾ?
— ಕನ್ನಡಿ ಒರೆಸಿ ಸುಸ್ತಾದವರು

ಉತ್ತರ: ಹುಚ್ಚಲ್ಲ, ಜಗಳ. ಮರಿ ಮಾಡುವ ಕಾಲದಲ್ಲಿ ಗಂಡು ತನ್ನ ಜಾಗಕ್ಕೆ ಇನ್ನೊಂದು ಗಂಡನ್ನು ಬಿಡುವುದಿಲ್ಲ. ಕನ್ನಡಿಯೊಳಗಿನವನು ಎಷ್ಟು ಕುಕ್ಕಿದರೂ ಓಡುವುದಿಲ್ಲವಲ್ಲ, ಅದಕ್ಕೇ ಅಷ್ಟು ಸಿಟ್ಟು. ಕನ್ನಡಿಗೆ ಹಳೆಯ ಕಾಲುಚೀಲ ಹಾಕಿ. ಪಾಪ, ಅದಕ್ಕೂ ಊಟ ಮಾಡಲು ಹೊತ್ತು ಸಿಗಲಿ. ಅದು ಹತ್ತಿರದಲ್ಲೇ ಸಂಸಾರ ಹೂಡಿದೆ ಅಂತ ಅರ್ಥ. ತೂಗುವ ಬಳ್ಳಿಯ ತುದಿಯಲ್ಲಿ ಕಸಕಡ್ಡಿ ಸಿಕ್ಕಿಕೊಂಡ ಹಾಗೆ ಏನಾದರೂ ಕಂಡರೆ ಗುಡಿಸಿ ಹಾಕಬೇಡಿ, ಅದೇ ಗೂಡು.

ಪ್ರಶ್ನೆ: ಮೇಡಂ, ಹಣ್ಣಾದ ಟೊಮೆಟೊ ಎಲ್ಲ ಪಿಕಳಾರದ ಪಾಲು. ಹೋಗಲಿ ಅಂದರೆ ಈಗ ಕೆಂಪು ಮೆಣಸಿನಕಾಯಿಯನ್ನೂ ತಿನ್ನುತ್ತಿವೆ. ಖಾರ ಆಗಲ್ವಾ ಅವಕ್ಕೆ?
— ಉಳಿದದ್ದು ಉಣ್ಣುವವರು

ಉತ್ತರ: ಆಗುವುದಿಲ್ಲ. ಮೆಣಸಿನಕಾಯಿಯ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್. ಅದು ನಮ್ಮ ಬಾಯಲ್ಲಿ ಬಿಸಿ ತಾಗಿದಾಗ ಉರಿಯನ್ನು ತಿಳಿಸುವ ನರಗಳನ್ನೇ ಕೆರಳಿಸುತ್ತದೆ. ಹಕ್ಕಿಗಳಲ್ಲಿ ಆ ನರಗಳನ್ನು ಅದು ಕೆರಳಿಸುವುದಿಲ್ಲ. ಗಿಡದ ಲೆಕ್ಕಾಚಾರ ನೋಡಿ: ಇಲಿ, ಅಳಿಲು ಬೀಜವನ್ನು ಅಗಿದು ಹಾಳು ಮಾಡುತ್ತವೆ, ಅವಕ್ಕೆ ಖಾರ. ಹಕ್ಕಿ ನುಂಗಿ ಬೇರೆಲ್ಲೋ ಹಿಕ್ಕೆ ಹಾಕುತ್ತದೆ, ಬೀಜ ಕೆಡುವುದಿಲ್ಲ, ಅದಕ್ಕೆ ಖಾರವಿಲ್ಲ. ನಿಮ್ಮ ಗೋಡೆ ಸಂದಿಯಲ್ಲಿ ಯಾರೂ ನೆಡದ ಮೆಣಸಿನ ಗಿಡ ಒಂದಿಲ್ಲವೇ? ಅದು ಹೀಗೆ ಬಂದಿದ್ದು.

ಟೊಮೆಟೊಗೆ ಉಪಾಯ ಸುಲಭ. ತಳದಲ್ಲಿ ನಸುಗೆಂಪು ಇಣುಕಿದ ಕೂಡಲೇ ಕಿತ್ತು ಮನೆಯೊಳಗೆ ಇಡಿ, ಹಣ್ಣಾಗುತ್ತದೆ. ಹಕ್ಕಿಗೆ ಪೂರ್ತಿ ಕೆಂಪು ಬೇಕು, ನೀವು ಒಂದೆರಡು ದಿನ ಮುಂದೆ ಇದ್ದರೆ ಸಾಕು. ತೆಳ್ಳನೆಯ ಬಲೆಯನ್ನು ಸಡಿಲವಾಗಿ ಹೊದಿಸುವುದು ಮಾತ್ರ ಬೇಡವೇ ಬೇಡ. ಕಾಲು ಸಿಕ್ಕಿಕೊಂಡು ಹಕ್ಕಿ ಸಾಯುತ್ತದೆ, ಹಾವು ಕೂಡ ಸಿಕ್ಕಿಕೊಳ್ಳುತ್ತದೆ. ಗೊಂಚಲಿಗೆ ತೆಳು ಬಟ್ಟೆಯ ಚೀಲ ಕಟ್ಟಿ.

ನಾನು ಎರಡು ಗಿಡ ಅವಕ್ಕೇ ಬಿಟ್ಟಿದ್ದೇನೆ. ದಾನಧರ್ಮ ಅಂತಲ್ಲ, ಆ ಗಿಡಗಳ ಹಣ್ಣು ಹೇಗೂ ರುಚಿ ಇಲ್ಲ.

ಪ್ರಶ್ನೆ: ಹಕ್ಕಿಗಳಿಗೆ ಅಂತ ನೀರಿನ ತಟ್ಟೆ ಇಟ್ಟೆ. ಸೊಳ್ಳೆ ಸಾಕುತ್ತಿದ್ದೀಯಾ ಅಂತ ಮನೆಯಲ್ಲಿ ಜಗಳ. ಯಾರು ಸರಿ?
— ನಡುವೆ ಸಿಕ್ಕಿಕೊಂಡವ

ಉತ್ತರ: ಮನೆಯವರು ಸರಿ, ನೀವು ದಿನಾ ನೀರು ಬದಲಿಸದಿದ್ದರೆ. ಸೆಖೆಯ ದಿನಗಳಲ್ಲಿ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಸುಮಾರು 7ರಿಂದ 10 ದಿನ. ದಿನಾ ಚೆಲ್ಲಿದರೆ ಅಷ್ಟು ಆಯುಷ್ಯ ಅದಕ್ಕೆ ಸಿಗುವುದಿಲ್ಲ. ಆದರೆ ಚೆಲ್ಲಿ ತುಂಬಿದರೆ ಸಾಲದು, ಉಜ್ಜಬೇಕು. ಡೆಂಗಿ ಹರಡುವ ಸೊಳ್ಳೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ತಟ್ಟೆಯ ಗೋಡೆಗೇ ಮೊಟ್ಟೆ ಅಂಟಿಸುತ್ತದೆ. ಒಣಗಿದರೂ ಅವು ತಿಂಗಳುಗಟ್ಟಲೆ ಬದುಕಿರುತ್ತವೆ.

ತಟ್ಟೆ ಎರಡು ಇಂಚಿಗಿಂತ ಆಳ ಬೇಡ, ಒಳಗೆ ಒರಟು ಇರಲಿ, ನಡುವೆ ಒಂದು ಕಲ್ಲಿಡಿ. ಜೇನುನೊಣಗಳೂ ಆ ಕಲ್ಲಿನ ಮೇಲೆ ಕೂತು ನೀರು ಕುಡಿಯುತ್ತವೆ. ಪೊದೆಗೆ ತಾಗಿಸಿ ಇಡಬೇಡಿ, ಬೆಕ್ಕು ಅಡಗಿ ಕೂರುತ್ತದೆ. ಪೊದೆಯಿಂದ ಏಳೆಂಟು ಅಡಿ ದೂರ ಇರಲಿ. ಬೆಕ್ಕಿಗೆ ಒಂದೇ ನೆಗೆತಕ್ಕೆ ಸಿಗುವುದಿಲ್ಲ, ಹಕ್ಕಿಗೆ ಹಾರಿ ಅಡಗಲು ಹತ್ತಿರ.

ಪ್ರಶ್ನೆ: ದಾಸವಾಳದ ಮೊಗ್ಗು ಅರಳುವ ಮೊದಲೇ ಉದುರುತ್ತವೆ.
— ಓದುಗರು

ಉತ್ತರ: ಉದುರಿದ ಮೊಗ್ಗನ್ನು ಉಗುರಿನಿಂದ ಬಿಡಿಸಿ. ಒಳಗೆ ಹುಳವಿದ್ದರೆ ಉದುರಿದ ಮೊಗ್ಗುಗಳನ್ನೆಲ್ಲ ದಿನಾ ಆರಿಸಿ ದೂರ ಹಾಕಿ. ಏನೂ ಇಲ್ಲದಿದ್ದರೆ ನೀರಿನ ತೊಂದರೆ: ಒಂದು ದಿನ ಮಣ್ಣು ಬಿರಿಯುವಷ್ಟು ಒಣಗಿಸಿ, ಮರುದಿನ ಕೆರೆ ಮಾಡುತ್ತಿದ್ದೀರಿ. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ.

ಪ್ರಶ್ನೆ: ಆಂಟಿ, ನಾನು ಮೂರನೇ ಕ್ಲಾಸು. ಬೀನ್ಸ್ ಬೀಜ ಹಾಕಿದ್ದೇನೆ. ಆರು ದಿನ ಆಯ್ತು. ದಿನಾ ಅಗೆದು ನೋಡುತ್ತೇನೆ. ಇನ್ನೂ ಗಿಡ ಬಂದಿಲ್ಲ. ಬೀಜ ಸತ್ತಿದೆಯಾ?

ಉತ್ತರ: ಪುಟ್ಟಾ, ಸತ್ತಿಲ್ಲ, ನಿನ್ನಿಂದ ನಿದ್ದೆಗೆಟ್ಟಿದೆ. ಬೀನ್ಸ್ ಹೊರಗೆ ಬರಲು ಒಂದು ವಾರ, ಹತ್ತು ದಿನ ಬೇಕಾಗಬಹುದು. ಅಗೆದಾಗ ಅದರ ಹೊಸ ಬೇರು ಮುರಿಯುತ್ತದೆ.

ಆದರೆ ನಿನಗೆ ನೋಡಲೇಬೇಕು, ಅಲ್ವಾ? ನನಗೂ ಹಾಗೇ. ಹಾಗಾದರೆ ಹೀಗೆ ಮಾಡು. ಒಂದು ಗಾಜಿನ ಲೋಟ ತಗೋ. ಒಳಗೋಡೆಗೆ ತಾಗುವ ಹಾಗೆ ಕಾಗದದ ಟವೆಲ್ ಸುತ್ತಿ ಒದ್ದೆ ಮಾಡು. ಗಾಜಿಗೂ ಕಾಗದಕ್ಕೂ ನಡುವೆ ನಾಲ್ಕು ಬೀಜ ಸಿಕ್ಕಿಸು, ಒಂದೊಂದನ್ನು ಒಂದೊಂದು ದಿಕ್ಕಿಗೆ. ಒಂದನ್ನಂತೂ ಬೇಕಂತಲೇ ತಲೆಕೆಳಗಾಗಿ ಇಡು. ಕಾಗದ ಒಣಗಬಾರದು, ಬೀಜ ನೀರಲ್ಲಿ ಮುಳುಗಲೂಬಾರದು. ಮಣ್ಣಿನಲ್ಲಿರುವ ಬೀಜವನ್ನು ಇನ್ನು ಮುಟ್ಟಬೇಡ.

ಮೊದಲು ಸಿಪ್ಪೆ ಸುಕ್ಕಾಗುತ್ತದೆ, ಆಮೇಲೆ ಒಂದು ಬಿಳಿ ಮೂಗು ಹೊರಗೆ ಬರುತ್ತದೆ. ಅದು ಗಿಡವಲ್ಲ, ಬೇರು. ತಲೆಕೆಳಗಾದ ಬೀಜದ ಬೇರು ಯಾವ ಕಡೆ ಹೋಯಿತು ಅಂತ ನೋಡಿ ನನಗೆ ಇನ್ನೊಂದು ಕಾಗದ ಬರೆ. ಚಿತ್ರ ಬಿಡಿಸಿ ಕಳಿಸಿದರೂ ಆಗುತ್ತದೆ.